ಮಾನಮ್ಮ ಕಾದಿಟ್ಟ ಮಾತು

ಯುಗಾದಿಯಿಂದ ಮಾನಮ್ಮ ಒಂದು ಮಾತನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಓಡಾಡುತ್ತಿದ್ದಳು. ಸುರಪುರದ ಓಣಿಯಲ್ಲಿ ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿಯುವ ಅವಳಿಗೆ ಬಾಯಿ ಸುಮ್ಮನಿರುವುದೇ ಗೊತ್ತಿಲ್ಲ. ಆದರೂ ಇದನ್ನು ಪಕ್ಕದ ಮನೆಯ ಮುನ್ನಿಬೀಗೂ ಹೇಳಿರಲಿಲ್ಲ. ಮೈದುನ ದ್ಯಾವಪ್ಪನ ಮಗಳ ನಿಶ್ಚಯಕ್ಕೆ ಮಂದಿ ಕೂಡಲಿ ಎಂದು ಕಾದಿದ್ದಳು.

ಅವಳ ಗಂಡ ತಿರುಪತಿಗೆ ಚಿಕ್ಕ ವಯಸ್ಸಿನಲ್ಲೇ ತಲೆ ಪೂರಾ ಬೆಳ್ಳಗಾಗಿತ್ತು. ಆಮೇಲೆ ಮೈಯಲ್ಲಿ ರಕ್ತ ಹುಟ್ಟುವುದೇ ನಿಂತು ಸತ್ತ. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ದ್ಯಾವಪ್ಪ ಕಕ್ಕೇರಾದ ನೆಂಟರೆಲ್ಲರ ಮುಂದೆ, “ಗಂಡನ್ನ ನುಂಗಿದಾಕಿ, ಇನ್ನ ನಮ್ಮ ಹೊಸ್ತಿಲ ತುಳೀಬ್ಯಾಡ” ಅಂದಿದ್ದ. ಎದೆಗೂಸು ಅಂಜನಾಳನ್ನು ಎತ್ತಿಕೊಂಡು ಅವಳು ಸುರಪುರ ಸೇರಿದಳು. ಹೊರಗಿನ ಹೆಣ್ಣು ಬಂದೇ ಕೇಡಾಯಿತು ಎಂದು ಆ ಮನೆಯವರು ಅಂದಿನಿಂದ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತರತೊಡಗಿದರು. ಈಗ ದ್ಯಾವಪ್ಪ ಮಗಳು ಸವಿತಾಳನ್ನು ಶಹಾಪುರದ ಅಕ್ಕನ ಮಗ ಬಾಲರಾಜನಿಗೆ ಕೊಡುವವನಿದ್ದ. ಹುಡುಗನ ಮೀಸೆ ಆಗಲೇ ನರೆತಿತ್ತು. ಅದು ಮನೆತನದ ಗುರುತು ಎಂದು ಹೆಮ್ಮೆ ಬೇರೆ.

ಈ ಯುಗಾದಿಯ ಹೊತ್ತಿಗೆ, ಬೆಳೆದು ನಿಂತ ಅಂಜನಾಳ ವಸಡಿನಿಂದ ರಕ್ತ ಸೋರತೊಡಗಿದಾಗ ಮಾನಮ್ಮ ಅವಳನ್ನು ಹೈದರಾಬಾದಿನ ಆಸ್ಪತ್ರೆಗೆ ಕರೆದೊಯ್ದಳು. ಇಬ್ಬರ ರಕ್ತವನ್ನೂ ನೋಡಿದ ಡಾಕ್ಟರ್ ನಸೀರುದ್ದೀನ್ ಗುರುಮಠಕಲ್ ಕಡೆಯವರು, ಕನ್ನಡ ಬಲ್ಲವರು. ಕೌದಿ ಹೊಲಿಯುವವಳೆಂದು ತಿಳಿದು, ಅವಳಿಗೆ ಒಗ್ಗುವ ಹಾಗೆ ಬಿಡಿಸಿ ಹೇಳಿದರು. ಮೈಯ ಪ್ರತಿ ಜೀವಕೋಶದಲ್ಲೂ ಕ್ರೋಮೋಸೋಮ್ ಎಂಬ ಎಳೆಗಳಿವೆ. ಕೋಶ ಒಂದು ಎರಡಾದಾಗಲೆಲ್ಲ ಅವುಗಳ ತುದಿ ಚೂರು ಸವೆಯುತ್ತದೆ. ಸವೆದ ತುದಿಗೆ ಮತ್ತೆ ಅಂಚು ಹೊಲಿಯುವ ದರ್ಜಿ ಟೆಲೊಮರೇಸ್. ಅದರೊಳಗೆ ಆರ್‌ಎನ್‌ಎ ಎಂಬ ದಾರವಿದೆ, ಹೊಲಿಗೆಯ ಮಾದರಿ ಇರುವುದು ಅದರಲ್ಲೇ. ಆದರೆ ಆ ದಾರ ಸರಿಯಾಗಿ ಮಡಚಿ ಗಂಟುಬಿದ್ದು ಕೂತರೆ ಮಾತ್ರ ದರ್ಜಿಯ ಕೈಗೆ ಹಿಡಿತ ಸಿಗುತ್ತದೆ, ಎಲ್ಲಿಯವರೆಗೆ ಹೊಲಿಯಬೇಕೆಂಬುದು ತಿಳಿಯುತ್ತದೆ. ಅಂಜನಾಳಲ್ಲಿ ಆ ಮಡಿಕೆಯೇ ಸಡಿಲ. ತುದಿಗಳು ಬೇಗ ಸವೆದು, ರಕ್ತ ಹುಟ್ಟಿಸುವ ಕೋಶಗಳು ಸೋಲುತ್ತಿವೆ.

“ನಿಮ್ಮ ರಕ್ತದಾಗ ಈ ದೋಷ ಇಲ್ರಿ ಅಮ್ಮಾ. ತಂದಿ ಕಡಿಂದ ಬಂದದ. ಅವರ ಒಡಹುಟ್ಟಿದವರಿಗೂ ಲಗೂನ ಹೇಳ್ರಿ” ಅಂದರು.

ಅಂಜನಾ ಮಾತ್ರೆಗಳಿಂದ ಕೊಂಚ ಚೇತರಿಸಿಕೊಂಡಳು. ಮಾನಮ್ಮ ಮಾತ್ರ ಯಾರಿಗೂ ಹೇಳಲಿಲ್ಲ.

ನಿಶ್ಚಯದ ದಿನ ಯಾರೂ ಕರೆಯದಿದ್ದರೂ ಶಹಾಪುರಕ್ಕೆ ಹೋದಳು. ಹೆಂಗಸರು ಕುಂಕುಮದ ತಟ್ಟೆ ಆಚೆ ಸರಿಸಿದರು. ದ್ಯಾವಪ್ಪ ಬಾಗಿಲು ತೋರಿಸಿದ. ಅವಳು ಚಾಪೆಯ ನಡುವೆ ಬಂದು ನಿಂತಳು.

“ನಿಮ್ಮಣ್ಣನ್ನ ನುಂಗಿದ್ದು ನಾನಲ್ಲ ದ್ಯಾವಪ್ಪಾ, ನಿಮ್ಮ ರಕ್ತ. ನನ್ನ ರಕ್ತ ಸಾಫ್ ಅದ, ಡಾಕ್ಟರ್ ನೋಡ್ಯಾರ. ಸಣ್ಣ ವಯಸ್ಸಿನ್ಯಾಗ ಕೂದ್ಲ ಬೆಳ್ಳಗಾಗೋದು ಆ ದೋಷದ್ದೇ ಗುರುತು. ಈ ಇಬ್ಬರಿಗೂ ಅದೇ ದೋಷ ಇದ್ರ, ಹುಟ್ಟೋ ಕೂಸಿಗಿ ಎರಡೂ ಕಡಿಂದ ಬರ್ತದ. ಹೊರಗಿನ ಹೆಣ್ಣಿಗಿ ಹೆದರಿ ಕೇಡನ್ನ ಮನ್ಯಾಗ ಸಾಕ್ಕೊಂಡೀರಿ.”

ಬಾಲರಾಜನ ಅಪ್ಪ ದ್ಯಾವಪ್ಪನ ಕಡೆ ತಿರುಗಿ, ನೀನು ತಲೆಗೆ ಬಣ್ಣ ಹಚ್ಚಲು ಹಿಡಿದದ್ದು ಯಾವ ವಯಸ್ಸಿಗೆ ಎಂದು ಕೇಳಿದ. ದ್ಯಾವಪ್ಪ ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿಕೊಂಡು ಮೂಲೆಗೆ ಸರಿದ. ಮಾನಮ್ಮನ ಹೊಟ್ಟೆ ತಣ್ಣಗಾಯಿತು. ಇಷ್ಟು ವರ್ಷ ಬೇಕೆನಿಸಿದ್ದು ಇದೇ.

ಆಗ ಸವಿತಾ ಎದ್ದು ಬಂದಳು. “ದೊಡ್ಡವ್ವ, ನಿನಗ ಇದು ಯಾವಾಗ ಗೊತ್ತಾತು?”

“ಯುಗಾದಿಗಿ.”

“ಮತ್ತ ಸುಮ್ಮನಿದ್ದಿ?”

“ನಿಮ್ಮಪ್ಪ ನನ್ನ ಬೈದಾಗ ಇದ್ದ ಮಂದಿ ಎಲ್ಲಾ ಕೂಡ್ಲಿ ಅಂತ ಕಾದೆ.”

ಸವಿತಾ ಬಳೆ ಮೇಲೆ ಸರಿಸಿ ಮುಂಗೈ ಚಾಚಿದಳು. ಪೆಟ್ಟು ಬೀಳದೆಯೂ ಎದ್ದ ನೀಲಿ ಕಲೆಗಳು. ಅಂಜನಾಳಿಗೂ ಹೀಗೇ ಶುರುವಾಗಿತ್ತು. ಮಾನಮ್ಮ ಹುಡುಗಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನಾಳಿ ಮುಂಜಾನಿ ಯಾದಗಿರಿ ಸ್ಟೇಷನ್ನಿಗಿ ಬಾ, ಡಾಕ್ಟರಿಗಿ ತೋರಸ್ತೀನಿ” ಅಂದಳು. ದ್ಯಾವಪ್ಪನ ಕಡೆ ನೋಡದೆಯೇ ಮುಂದುವರಿಸಿದಳು: “ನಿಮ್ಮಪ್ಪನ್ನೂ ಕರ್ಕೊಂಡು ಬಾ. ಆದ್ರ ಆಂವ ಬ್ಯಾರೆ ಡಬ್ಬ್ಯಾಗ ಕೂಡ್ಲಿ.”