ಬಣ್ಣ ಬಳಿಯದ ಉಬ್ಬು

ಸ್ಕೂಟರ್ ಎಗರಿ ಕೆಳಗೆ ಬಂತು. ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತಿದ್ದ ಹೆಂಗಸು ಅದರ ಜೊತೆ ಬರಲಿಲ್ಲ. ಹಾಲಿನ ಬೂತಿನ ಸಾಲಿನಲ್ಲಿ ನಿಂತಿದ್ದ ಲಾವಣ್ಯಾ ತಿರುಗಿ ನೋಡುವಷ್ಟರಲ್ಲಿ ಆಕೆ ನಡುರಸ್ತೆಯಲ್ಲಿ ದಣಿದವಳಂತೆ ಕೂತಿದ್ದಳು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಗಂಡ ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಿ ಮೊದಲು ರಸ್ತೆಯನ್ನು ನೋಡಿದ. ಎಗರಿಸಿದ್ದು ಯಾವುದು ಎಂದು ಅವನಿಗಿನ್ನೂ ತಿಳಿದಿರಲಿಲ್ಲ.

ಬೇವಿನ ಮರದಡಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಸುಖ್‌ಲಾಲ್ ಓಡಿಹೋಗಿ ಆಕೆಯನ್ನು ಎಬ್ಬಿಸಿ ತನ್ನ ಸ್ಟೂಲಿನ ಮೇಲೆ ಕೂರಿಸಿದ. ಆಮೇಲೆ ಲಾವಣ್ಯಾ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದ:

"ನೋಡಿದಿರಾ ಭಾಭೀಜಿ, ನಿಮ್ಮ ಮಾವನವರ ಸ್ಪೀಡ್ ಬ್ರೇಕರಿಗೆ ಅಡ್ಡಬೀಳದೆ ಯಾರೂ ಮುಂದೆ ಹೋಗೋ ಹಾಗಿಲ್ಲ."

ಸಾಲಿನಲ್ಲಿ ಯಾರೋ ನಕ್ಕರು. ಅವಳು ಹಾಲು ತೆಗೆದುಕೊಂಡು ರಸ್ತೆ ದಾಟಿದಳು.

ಹಿಂದೆ ಲೋಧಿ ಕಾಲೋನಿಯ ಜನ ರಾತ್ರಿ ಊಟ ಮುಗಿಸಿ ಇದೇ ರಸ್ತೆಯ ಮಧ್ಯದಲ್ಲಿ ಹರಟುತ್ತ ನಡೆಯುತ್ತಿದ್ದರಂತೆ. ಮೆಟ್ರೋಗೆಂದು ಆಚೆಯ ದೊಡ್ಡ ರಸ್ತೆಯನ್ನು ಅಗೆದ ಮೇಲೆ ಅಲ್ಲಿನ ಬಸ್ಸು, ಟೆಂಪೋ, ಕಾರುಗಳೆಲ್ಲ ಇತ್ತ ನುಗ್ಗಿದವು. ಹೋದ ಚಳಿಗಾಲದಲ್ಲಿ ಅವಳ ಗಂಡ ಅನೂಪ್ ಹಾಲು ತರಲು ಹೋಗಿದ್ದ. ಅಂದು ಮಂಜು ಕೂಡ ಕವಿದಿರಲಿಲ್ಲ, ಚೆನ್ನಾಗಿ ಬೆಳಕಾಗಿತ್ತು. ಟೆಂಪೋದವನು ನಿಲ್ಲಿಸಲಿಲ್ಲ. ಯಾರೋ ಹಾಲಿನ ಚೀಲವನ್ನು ತಂದು ಮನೆ ಬಾಗಿಲಲ್ಲಿ ಇಟ್ಟುಹೋದರು. ಒಂದು ಪ್ಯಾಕೆಟ್ಟೂ ಒಡೆದಿರಲಿಲ್ಲ. ಅತ್ತೆ ಸರಳಾ ಆ ಹಾಲನ್ನು ಕಾಯಿಸಬೇಕೋ ಚೆಲ್ಲಬೇಕೋ ತಿಳಿಯದೆ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಅದು ಎಷ್ಟೋ ದಿನ ಅಲ್ಲೇ ಇತ್ತು.

ಮಾವ ಅಶ್ವತ್ಥನಾರಾಯಣ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ತುಮಕೂರಿನಿಂದ ಗುಮಾಸ್ತರಾಗಿ ಬಂದು ಮೇಲೇರಿದವರು, ಕಡತ ಹೇಗೆ ಓಡುತ್ತದೆ, ಎಲ್ಲಿ ಮಲಗುತ್ತದೆ ಎಂದು ಬಲ್ಲವರು. ಮಗ ಹೋದ ಮೇಲೆ ಜೀಬ್ರಾ ಪಟ್ಟೆಯಾದರೂ ಆಗಲಿ, ಸಿಗ್ನಲ್ ಆದರೂ ಆಗಲಿ ಎಂದು ಅರ್ಜಿ ಹಾಕಿದರು. ರಸ್ತೆ ನಮ್ಮದಲ್ಲ ಎಂದು ಒಂದು ಕಚೇರಿ ಇನ್ನೊಂದಕ್ಕೆ ಕಳಿಸಿತು, ಅದು ಮತ್ತೊಂದಕ್ಕೆ. ಕೊನೆಗೆ ಅವರು ತಮ್ಮ ವಸತಿ ಬ್ಲಾಕಿನ ರಿಪೇರಿಗೆ ಬಂದಿದ್ದ ಗುತ್ತಿಗೆದಾರನನ್ನು ಹಿಡಿದರು. ಒಂದು ಭಾನುವಾರ ಮಧ್ಯಾಹ್ನ ಅಕ್ಕಪಕ್ಕದವರು ಹಗ್ಗ ಕಟ್ಟಿ ಗಾಡಿಗಳನ್ನು ತಡೆದರು, ಆಳುಗಳು ಉಳಿದ ಕಾಂಕ್ರೀಟು ಸುರಿದು ರಸ್ತೆಗೆ ಅಡ್ಡಲಾಗಿ ಉಬ್ಬು ಎಬ್ಬಿಸಿದರು, ಸರಳಾ ಎಲ್ಲರಿಗೂ ಚಹಾ ಕೊಟ್ಟರು. ವಾರ ಕಳೆಯುವುದರೊಳಗೆ ಅದರ ಮೇಲೆ ದೂಳು ಕೂತು, ರಸ್ತೆ ಯಾವುದು ಉಬ್ಬು ಯಾವುದು ಎಂದು ಗೊತ್ತಾಗದಂತಾಯಿತು.

ಲಾವಣ್ಯಾ ಹಾಲಿನ ಚೀಲವನ್ನು ಅಡುಗೆಮನೆಯಲ್ಲಿಟ್ಟು ಹೊರಗೆ ಬಂದಳು.

"ಮಾವ, ಇವತ್ತು ಇನ್ನೊಬ್ಬರು ಬಿದ್ದರು."

ಅವರು ಪೇಪರ್ ಇಳಿಸಲಿಲ್ಲ. "ಜೋರಾಗಿ ಬಂದಿರ್ತಾರೆ. ಅಂಥವರಿಗೇ ಅಲ್ವಾ ಅದು ಇರೋದು."

"ಜೋರೇನಿರಲಿಲ್ಲ. ಅವರಿಗೆ ಕಾಣಿಸಲಿಲ್ಲ. ಬಿಳಿ ಪೇಂಟಲ್ಲಿ ಪಟ್ಟೆ ಹೊಡೆಸಿದ್ರೆ ದೂರದಿಂದ್ಲೇ ಗೊತ್ತಾಗತ್ತೆ."

"ಸಾಹೇಬರಿಗೂ ಗೊತ್ತಾಗತ್ತೆ." ಈಗ ಪೇಪರ್ ಮಡಚಿದರು. "ಯಾರೋ ಒಬ್ಬ ಜೀಪ್ ನಿಲ್ಲಿಸಿ ಇದಕ್ಕೆ ಮಂಜೂರಾತಿ ಎಲ್ಲಿ ಅಂತಾನೆ. ಎಲ್ಲಿಂದ ತರೋಣ? ಮಾರನೇ ದಿನ ಆಳು ಕಳಿಸಿ ಒಡೆದುಹಾಕ್ತಾರೆ. ಯಾರ ಗಮನಕ್ಕೂ ಬರದೆ ಇದ್ರೆ ಇನ್ನು ಹತ್ತು ವರ್ಷ ಇರತ್ತೆ. ಆಫೀಸಲ್ಲಿ ಇಂಥದ್ದು ಎಷ್ಟು ನೋಡಿಲ್ಲ ನಾನು."

"ಹಾಗಂತ ದಿನಾ ಯಾರಾದರೂ ಕೈ ಮುರ್ಕೋಬೇಕಾ?"

"ಮುರಿದ ಕೈ ಕೂಡತ್ತೆ ಕಣಮ್ಮ," ಎಂದರು ಅವರು, ತೀರಾ ಮೆಲ್ಲಗೆ.

ಅವಳು ಒಳಗೆ ಹೋದಳು. ಸರಳಾ ಒಲೆಯ ಮೇಲಿನ ಹಾಲನ್ನೇ ನೋಡುತ್ತ, "ಬಿಟ್ಬಿಡು ಲಾವಣ್ಯಾ," ಎಂದರು. "ಸಂಜೆ ಆಫೀಸಿಂದ ಬಂದವರು ಅಲ್ಲಿ ನಿಂತು ಗಾಡಿಗಳು ನಿಧಾನ ಆಗೋದು ನೋಡ್ತಾರೆ. ಆಮೇಲೇ ಮನೆಗೆ ಬರೋದು. ನೀನು ನೋಡಿಲ್ಲ."

ಅವಳು ನೋಡಿದ್ದಳು. ಬಾಲ್ಕನಿಯಿಂದ ದಿನವೂ ಕಾಣುತ್ತಿತ್ತು. ಕಾಲೋನಿಯ ಗಾಡಿಗಳು ನಿಧಾನವಾಗುತ್ತಿದ್ದವು, ಓಡಿಸುವವರಿಗೆ ಉಬ್ಬು ಇರುವುದು ಗೊತ್ತಿತ್ತು.

ದೀಪಾವಳಿ ಹತ್ತಿರ ಬಂದಾಗ ಮೊಟ್ಟೆ ಮಾರುವ ಮುದುಕ ಬಿದ್ದ. ಸೈಕಲ್ಲಿನ ಹಿಂದೆ ಕಟ್ಟಿದ್ದ ಟ್ರೇಗಳೆಲ್ಲ ಒಡೆದು, ಹಳದಿ ಲೋಳೆ ಹರಿದು ರಸ್ತೆಯಂಚಿಗೆ ಹೋಗುತ್ತಿತ್ತು. ಮುದುಕ ಎದ್ದು ಕೂರಲಿಲ್ಲ. ಸುಖ್‌ಲಾಲ್ ಮತ್ತು ಇನ್ನಿಬ್ಬರು ಅವನನ್ನು ಆಟೋದಲ್ಲಿ ಹಾಕಿದರು. ಅಂದು ಸುಖ್‌ಲಾಲ್ ತಮಾಷೆ ಮಾಡಲಿಲ್ಲ.

ಮುದುಕ ಹೇಗಿದ್ದಾನೆಂದು ಲಾವಣ್ಯಾ ಮರುದಿನ ಸುಖ್‌ಲಾಲನನ್ನು ಕೇಳಿದಳು, ಅದರ ಮರುದಿನವೂ ಕೇಳಿದಳು.

"ಪತಾ ನಹೀ, ಭಾಭೀಜಿ. ಯಾರೂ ಬಂದಿಲ್ಲ." ಅವನು ಗಲ್ಲದಿಂದ ಮರದ ಕಡೆ ತೋರಿಸಿದ. "ಸೈಕಲ್ ಇಲ್ಲೇ ಇದೆ."

ಬೇವಿನ ಮರಕ್ಕೆ ಒರಗಿಸಿದ್ದ ಸೈಕಲ್ಲಿನ ಹಿಂದೆ ಹಗ್ಗ ಹಾಗೇ ಜೋತಾಡುತ್ತಿತ್ತು. ಹಾಲಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅವಳು ಅದನ್ನು ನೋಡಬೇಕಾಗಿತ್ತು. ಆ ಮುದುಕನಿಗೂ ಮನೆಯಿದೆ, ಆ ಮನೆಗೆ ಬಾಗಿಲಿದೆ ಎಂಬುದು ಒಂದು ಬೆಳಗ್ಗೆ ಅವಳಿಗೆ ಇದ್ದಕ್ಕಿದ್ದಂತೆ ಹೊಳೆಯಿತು. ಹಾಲು ತರದೆ ಅರ್ಧದಿಂದಲೇ ಮನೆಗೆ ಮರಳಿದವಳೇ ಸ್ಟೂಲ್ ಹತ್ತಿ ಅಟ್ಟದಿಂದ ರಂಗೋಲಿ ಡಬ್ಬಿ ಇಳಿಸಿದಳು.

ಸರಳಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅನೂಪ್ ಹೋದ ದಿನ ಅದನ್ನು ಮೇಲೆ ಇಟ್ಟವರು ಅವರೇ.

"ಇನ್ನೂ ವರ್ಷ ತುಂಬಿಲ್ಲ, ಲಾವಣ್ಯಾ. ಬಾಗಿಲಿಗೆ ಈಗಲೇ ಹಾಕಬಾರದು."

"ಬಾಗಿಲಿಗಲ್ಲ, ಅತ್ತೆ."

ಸರಳಾ ಅವಳ ಮುಖ ನೋಡಿದರು, ಕಿಟಕಿಯಾಚೆ ರಸ್ತೆಯನ್ನು ನೋಡಿದರು. "ಅವರು ಬೇಡ ಅಂದಿದ್ರಲ್ಲ."

"ಅವರು ಬೇಡ ಅಂದಿದ್ದು ಪೇಂಟು."

ಸರಳಾ ತಡೆಯಲಿಲ್ಲ. ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂತಿತ್ತು; ಚಮಚದ ಹಿಡಿಯಿಂದ ಮೀಟಿ ತೆಗೆದು ಕೊಟ್ಟರು.

ಅಂದು ಭಾನುವಾರ, ಗಾಡಿಗಳು ಬಿಡಿಬಿಡಿಯಾಗಿ ಬರುತ್ತಿದ್ದವು. ಸುಖ್‌ಲಾಲ್ ಇಸ್ತ್ರಿಗೆ ಬಂದಿದ್ದ ಯಾರದೋ ಮಂಚದ ಚಾದರ ಹಿಡಿದು ರಸ್ತೆಗೆ ಅಡ್ಡ ನಿಂತ. "ಜಲ್ದೀ ಭಾಭೀಜಿ, ಇದು ಜಂಟಿ ಕಾರ್ಯದರ್ಶಿಗಳ ಚಾದರ." ಅವಳು ಬಗ್ಗಿ, ಬೊಗಸೆಯಲ್ಲಿ ಪುಡಿ ತುಂಬಿಕೊಂಡು ಉಬ್ಬಿನ ಮೇಲೆ ಅಗಲವಾದ ಪಟ್ಟೆಗಳನ್ನು ಎಳೆಯುತ್ತ ಹೋದಳು. ಚುಕ್ಕಿ ಇಡುವ, ಎಳೆ ತೆಗೆಯುವ ಬೆರಳುಗಳಿಗೆ ಈ ಕೆಲಸ ಒರಟಾಗಿತ್ತು. ತಡೆದು ನಿಂತ ಕಾರೊಂದು ಹಾರ್ನ್ ಹೊಡೆಯಿತು. ಡಬ್ಬಿ ಬರಿದಾದಾಗ ಉಬ್ಬು ದೂರಕ್ಕೂ ಬೆಳ್ಳಗೆ ಕಾಣುತ್ತಿತ್ತು.

ಸುಖ್‌ಲಾಲ್ ಚಾದರ ಸರಿಸಿದ. ತಡೆದಿದ್ದ ಕಾರು ಮೆಲ್ಲಗೆ ಹತ್ತಿ ಇಳಿಯಿತು. ದೂರದಿಂದ ಬರುತ್ತಿದ್ದ ಮೋಟರ್‌ಸೈಕಲ್ಲಿನವನು ಪಟ್ಟೆ ಕಂಡು ಎರಡೂ ಕಾಲು ಕೆಳಗೆ ಬಿಟ್ಟು ದಾಟಿದ. "ದೇಖಾ?" ಎಂದ ಸುಖ್‌ಲಾಲ್. ಲಾವಣ್ಯಾ ತಲೆಯಾಡಿಸಿದಳು. ಅವಳ ಎದೆಯಲ್ಲಿ ಬಹಳ ದಿನಗಳಿಂದ ಅಲುಗಾಡದೆ ಇದ್ದದ್ದು ಒಂದಿಷ್ಟು ಅಲುಗಿತು.

ಆಮೇಲೆ ಬಸ್ಸು ಬಂತು. ಅದರ ಹಿಂದೆ ಇನ್ನೊಂದು ಬಸ್ಸು.

ಖಾಲಿ ಡಬ್ಬಿ ಹಿಡಿದೇ ಹಾಲಿನ ಸಾಲಿಗೆ ಹೋಗಿ ಅವಳು ಮರಳುವಾಗ ಅಶ್ವತ್ಥನಾರಾಯಣ ಸ್ವೆಟರ್ ಹಾಕಿಕೊಂಡು ತಮ್ಮ ಎಂದಿನ ಜಾಗದಲ್ಲಿ ನಿಂತಿದ್ದರು. ಬಸ್ಸುಗಳ ಗಾಲಿಗೆ ಪುಡಿಯೆಲ್ಲ ಹೋಗಿ, ಉಬ್ಬಿನ ಮೇಲೆ ಅಲ್ಲಲ್ಲಿ ಬೂದುಬಣ್ಣವಷ್ಟೇ ಉಳಿದಿತ್ತು. ಪುಟ್ಟ ಟೆಂಪೋ ಒಂದು ವೇಗ ಇಳಿಸದೆ ಬಂದು, ಎಗರಿ, ಹಿಂದಿನ ಡಬ್ಬಗಳನ್ನೆಲ್ಲ ಕುಲುಕಿಸಿಕೊಂಡು ಹೋಯಿತು.

ಅವರು ರಸ್ತೆಯ ಎರಡೂ ಕಡೆ ನೋಡಿದರು. ಜೀಪು ಯಾವುದೂ ಇರಲಿಲ್ಲ. ಸೊಸೆಯ ಕೈಯಿಂದ ಖಾಲಿ ಡಬ್ಬಿ ತೆಗೆದುಕೊಂಡು ಒಳಗೆ ಇಣುಕಿದರು.

"ಇನ್ನೂ ಇದೆಯಾ ಮನೇಲಿ?"

"ಇಲ್ಲ ಮಾವ. ಇಷ್ಟೇ ಇದ್ದದ್ದು."

ಅವರು ಮುಚ್ಚಳ ಹಾಕಿದರು. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ಒತ್ತಿದರು. ಲಾವಣ್ಯಾ ರಸ್ತೆ ನೋಡುತ್ತಿದ್ದಳು. ಗಾಲಿಗಳಿಗೆ ಹತ್ತಿದ ಬಿಳುಪು ಉಬ್ಬಿನಾಚೆ ಎರಡು ಗೆರೆಗಳಾಗಿ ಸಾಗಿ, ಹಾಲಿನ ಬೂತನ್ನು ದಾಟಿ, ಹೋಗಹೋಗುತ್ತ ತೆಳ್ಳಗಾಗಿತ್ತು. ಸೈಕಲ್ ಒರಗಿದ್ದ ಬೇವಿನ ಮರದ ಹತ್ತಿರ ಬರುವಷ್ಟರಲ್ಲಿ ಅಲ್ಲಿದ್ದದ್ದು ಬರಿಯ ರಸ್ತೆ.