ಎಂಬತ್ತೆಂಟು ಮಿಲಿಮೀಟರ್

ಕನ್ನಡಕದಂಗಡಿಯ ಅಕ್ಕ ತನ್ನ ಸ್ವಂತ ತಮ್ಮನನ್ನು ಬೆಳಗ್ಗೆ ಹತ್ತೂಕಾಲಿಗೆ ಒಮ್ಮೆ ಫೇಲು ಮಾಡಿದಳು. ಹತ್ತೂವರೆಗೆ ಇನ್ನೊಮ್ಮೆ ಮಾಡಿದಳು.

"ಕೊನೇ ಸಾಲು ಬಿಡು. ಅದರ ಮೇಲಿಂದು ಓದು."

"ರ. ಗ. ರ. ಲ. ರ."

"ಎಷ್ಟು ರ ಇದೆಯೋ ಅದರಲ್ಲಿ?"

"ಅಂಗಡಿ ನಿಂದು, ನೀನೇ ಹೇಳು."

ಆ ಸಾಲಿನಲ್ಲಿ ರ ಇದ್ದದ್ದು ಒಂದೇ. ಉಳಿದೆರಡು ಠ. ಅವುಗಳ ಹೊಟ್ಟೆಯೊಳಗಿನ ಚುಕ್ಕೆ ತಮ್ಮನಿಗೆ ಕಾಣುತ್ತಿರಲಿಲ್ಲ.

ತಮ್ಮ ಬಸ್ಸು ಓಡಿಸುವವನು. ನಲವತ್ತೈದು ದಾಟಿದ ಡ್ರೈವರುಗಳೆಲ್ಲ ಬರಿಗಣ್ಣಿಗೆ ಆರಕ್ಕಾರು ದೃಷ್ಟಿಯಿದೆಯೆಂಬ ಪತ್ರವನ್ನು ಡಿಪೋಗೆ ಕೊಡಬೇಕು. ಅವನ ಗಡುವು ಅಂದು ಸಂಜೆ ಐದಕ್ಕೆ. ಕೊಡದಿದ್ದರೆ ಸ್ಟಿಯರಿಂಗ್ ಬಿಟ್ಟು ಉಗ್ರಾಣದಲ್ಲಿ ಟೈರು ಕಾಯುತ್ತ ಕೂರಬೇಕು. ಹದಿನೆಂಟು ವರ್ಷ ಒಂದೇ ಮಾರ್ಗದಲ್ಲಿ ಓಡಿಸಿ, ಯಾವ ಸ್ಟಾಪಿನಲ್ಲಿ ಯಾವ ಅಜ್ಜಿಗೆ ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕೆಂದು ಬಲ್ಲವನಿಗೆ ಟೈರುಗಳ ಸಹವಾಸ ಒಗ್ಗುವಂಥದ್ದಲ್ಲ.

"ಅಕ್ಕಾ, ಸೈನ್ ಹಾಕ್ಬಿಡೇ. ಯಾರು ನೋಡ್ತಾರೆ?"

"ನೀನು ನೋಡ್ತಿಲ್ವಲ್ಲ, ಅದೇ ತಾಪತ್ರಯ."

ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಪೆನ್ನು ಅವಳ ಕೈಯಲ್ಲೇ ಇತ್ತು. ಆದರೆ ಅವನ ಬೆನ್ನ ಹಿಂದೆ ದಿನವೂ ಐವತ್ತು ಜನ ನಂಬಿಕೊಂಡು ಕೂತಿರುತ್ತಾರಲ್ಲ, ಅವರೆಲ್ಲ ಒಟ್ಟಿಗೆ ಬಂದು ಆ ಪೆನ್ನಿನ ಮೇಲೆ ಕೂತಂತಾಗಿ ಅವಳ ಕೈ ಏಳಲಿಲ್ಲ.

"ಕಣ್ಣು ಹೋಗಿಲ್ಲ ನಂದು," ಎಂದು ತಮ್ಮ ಎದ್ದು ಬಾಗಿಲಿಗೆ ಬಂದ. "ನೋಡು, ಎದುರಿನ ಔಷಧಿ ಅಂಗಡಿ ಗಾಜಿನ ಮೇಲೆ ಚೀಟಿ. 'ಹಿಂದಕ್ಕೆ ಪಡೆಯಲಾಗುವುದಿಲ್ಲ.' ಸಾಕಾ?"

"ಅದು ನೀನು ಹುಟ್ಟಿದಾಗಿಂದ ಅಲ್ಲೇ ಇದೆ. ಕಣ್ಣು ಮುಚ್ಚಿ ನಾನೂ ಓದ್ತೀನಿ."

ಹಾಗೆ ಹೇಳಿದಳೇ ಹೊರತು ಒಳಗೊಳಗೇ ಏನೋ ಚುಚ್ಚಿತು. ಮೂರು ವಾರದಿಂದ ಈ ಅಂಗಡಿಯಲ್ಲಿ ಯಾರೂ ಪಾಸಾಗಿರಲಿಲ್ಲ. ಫುಟ್ಬಾಲ್ ಕೋಚು ಫೇಲು. ಕ್ಷೌರಿಕನ ಹೆಂಡತಿ ಫೇಲು. ಹಿಂದಿನ ವರ್ಷ ಕೊನೆಯ ಸಾಲನ್ನು ಹಾಡಿದಂತೆ ಓದಿದ್ದ ಅಂಚೆಯಣ್ಣ, ಈ ಸಲ ಕೆಳಗಿನಿಂದ ಮೂರನೆಯ ಸಾಲು ದಾಟುವಷ್ಟರಲ್ಲಿ ಬೆವೆತಿದ್ದ. ಎಲ್ಲರಿಗೂ ಅವಳು ಒಂದೇ ಮಾತು ಹೇಳಿದ್ದಳು: ಮೊಬೈಲು ಕಡಿಮೆ ಮಾಡಿ.

ಅವಳು ತಾನೇ ಹೋಗಿ ಕುರ್ಚಿಯಲ್ಲಿ ಕೂತಳು. ತಾನೇ ನಂಬರು ನೋಡಿ, ತಾನೇ ಗಾಜು ಉಜ್ಜಿ, ಎರಡು ತಿಂಗಳ ಹಿಂದೆ ಹಾಕಿಕೊಂಡ ಕನ್ನಡಕ ಮೂಗಿನ ಮೇಲಿತ್ತು. ಚುಕ್ಕೆ ಅವಳಿಗೂ ಕಾಣಲಿಲ್ಲ.

"ಅಯ್ಯೋ, ನಿಂಗೂ ಟೈರೇ ಗತಿ," ಎಂದ ತಮ್ಮ.

ಚಾರ್ಟು ಬದಲಾಗಿ ಮೂರು ವಾರವಾಗಿತ್ತು. ನಿಯಮದಂತೆ ಅದು ಕಣ್ಣಿಗೆ ಆರು ಮೀಟರ್ ದೂರದಲ್ಲಿರಬೇಕು. ಅಂಗಡಿಯ ಉದ್ದವೇ ಮೂರು. ಅದಕ್ಕಾಗಿ ಎದುರು ಗೋಡೆಗೆ ಕನ್ನಡಿ, ಕೂತವರ ತಲೆಯ ಮೇಲೆ ಚಾರ್ಟು. ಕನ್ನಡಿಯಲ್ಲಿ ನೆಟ್ಟಗೆ ಕಾಣಬೇಕಾದರೆ ಚಾರ್ಟಿನಲ್ಲಿ ಅಕ್ಷರಗಳು ತಿರುವುಮುರುವಾಗಿರಬೇಕು. ಹಳೆಯದು ಹರಿದಾಗ ಲೆನ್ಸ್ ಕಂಪನಿಯವರು ಫೈಲು ಕಳಿಸಿ ಕೈತೊಳೆದುಕೊಂಡರು. ಅದನ್ನು ತಿರುಗಿಸಿ ಪ್ರಿಂಟು ಮಾಡುವ ಹೊಣೆ ಅವಳ ಗಂಡನ ತಲೆಗೆ ಬಿತ್ತು.

ಗಂಡ ನಿವೃತ್ತ ಗಣಿತದ ಮೇಷ್ಟ್ರು. ಅಂಗಡಿಯ ಮುದಿ ಕಂಪ್ಯೂಟರಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ ದಿನದಿಂದ, ಹೊಸದಾಗಿ ದೀಕ್ಷೆ ಪಡೆದವರಂತೆ ಸಿಕ್ಕವರಿಗೆಲ್ಲ ಅದರ ಮಹಿಮೆ ಹೇಳುತ್ತಿದ್ದರು. ತಿರುವುಮುರುವು ಮಾಡುವ ಗುಂಡಿ ಹುಡುಕಲು ಅವರಿಗೆ ಎರಡು ದಿನ ಹಿಡಿದಿತ್ತು. ಕೊನೆಗೆ ತಿರುಗಿದ ಅಕ್ಷರಗಳ ಹಾಳೆ ಹೊರಬಂದಾಗ ಗಂಡ ಹೆಂಡತಿ ಇಬ್ಬರಿಗೂ ಎಷ್ಟು ಹಿಗ್ಗಾಯಿತೆಂದರೆ, ಬೇರೇನನ್ನೂ ನೋಡಬೇಕೆಂದು ತೋಚಲೇ ಇಲ್ಲ. ಹಾಳೆ ಹಳೆಯದಕ್ಕಿಂತ ಚಿಕ್ಕದಿತ್ತು, ನಿಜ. ಹಳೆಯದರ ಸುತ್ತ ನಗುವ ಹೆಣ್ಣಿನ ಜಾಹೀರಾತು ಇತ್ತಲ್ಲ, ಅವಳು ಹೋದದ್ದರಿಂದ ಜಾಗ ಉಳಿದಿದೆ ಎಂದುಕೊಂಡಿದ್ದರು.

ಅಕ್ಕ ಕುರ್ಚಿ ಹತ್ತಿ ಸ್ಕೇಲು ಹಿಡಿದಳು.

"ರೀ, ಮೊದಲನೇ ಅಕ್ಷರ ಅರವತ್ತೆರಡು ಮಿಲಿಮೀಟರ್ ಇದೆ. ಎಂಬತ್ತೆಂಟು ಇರಬೇಕು."

"ಎಲ್ಲಿ ಬರೆದಿದೆ ಹಾಗಂತ?" ಮೇಷ್ಟ್ರು ಕಂಪ್ಯೂಟರಿನ ಹಿಂದಿನಿಂದಲೇ ಕೇಳಿದರು.

ಅವಳು ಗಿರಾಕಿಗಳ ಕೈಗನ್ನಡಿ ತಂದು ಹಾಳೆಯ ಬುಡಕ್ಕೆ ಹಿಡಿದಳು. ಎಲ್ಲದರ ಜೊತೆ ತಾನೂ ತಿರುಗಿಕೊಂಡು, ಮೂರು ವಾರ ಯಾರಿಗೂ ಓದಲು ಬಾರದೆ ಕೂತಿದ್ದ ಸಣ್ಣ ಸಾಲೊಂದು ಕನ್ನಡಿಯಲ್ಲಿ ಮೂಡಿತು: ಮೊದಲ ಅಕ್ಷರದ ಎತ್ತರ ೮೮ ಮಿ.ಮೀ. ಇರುವುದನ್ನು ಅಳೆದು ಖಚಿತಪಡಿಸಿಕೊಳ್ಳಿ.

ಮೇಷ್ಟ್ರು ಎದ್ದು ಬಂದು ಓದಿದರು. ಹೋಗಿ ಕೂತರು.

"ಲಿನಕ್ಸ್ ತಪ್ಪು ಮಾಡಲ್ಲ," ಎಂದರು. "ಹೇಳಿದ್ದನ್ನ ಮಾಡುತ್ತೆ."

"ಹಾಗಾದ್ರೆ ನೀವು ಏನು ಹೇಳಿದ್ರಿ ಅಂತ ಕೇಳಿ ನೋಡಿ."

ಸೆಟ್ಟಿಂಗು ತೆರೆದಾಗ ಎಲ್ಲ ಬಯಲಾಯಿತು. ಪ್ರಿಂಟರು ಎ-ತ್ರೀ ಹಾಳೆಯನ್ನೂ ನುಂಗಬಲ್ಲ ಗಟ್ಟಿಗ. ಲಿನಕ್ಸ್ ಮಾತ್ರ ಅದರ ಗುರುತು ಹಿಡಿಯದೆ, ಎಲ್ಲ ಪ್ರಿಂಟರಿಗೂ ಅಷ್ಟಿಷ್ಟು ಆಗುವಂಥ ಒಂದು ಡ್ರೈವರ್ ತಂತ್ರಾಂಶ ಹಾಕಿಕೊಂಡಿತ್ತು. ಆ ಡ್ರೈವರಿನ ಪಟ್ಟಿಯಲ್ಲಿ ಎ-ಫೋರಿಗಿಂತ ದೊಡ್ಡ ಹಾಳೆಯೇ ಇಲ್ಲ. ಎ-ತ್ರೀ ಅಳತೆಯ ಚಾರ್ಟನ್ನು ಕೊಟ್ಟಾಗ 'ಹಾಳೆಗೆ ಹೊಂದಿಸಲೇ?' ಎಂದು ಕೇಳಿತ್ತು. ಮೇಷ್ಟ್ರು ಹೊಂದಾಣಿಕೆಯ ಮನುಷ್ಯ, ಹೂಂ ಅಂದಿದ್ದರು.

"ತಪ್ಪು ಡ್ರೈವರಿಂದು," ಎಂದರು ಮೆಲ್ಲಗೆ.

"ಭಾವ, ನನ್ನನ್ನ ಯಾಕೆ ಎಳೀತೀರಿ?"

ತಮ್ಮನನ್ನು ದೊಡ್ಡ ಹಾಳೆ ತರಲು ಓಡಿಸಿ, ಮೇಷ್ಟ್ರು ಆ ಅಷ್ಟಿಷ್ಟರ ಡ್ರೈವರನ್ನು ಕಿತ್ತುಹಾಕಿ ಪ್ರಿಂಟರಿನ ಮಾಡೆಲ್ ನಂಬರು ನೋಡಿ ಅದರದೇ ಡ್ರೈವರ್ ಕೂರಿಸಿದರು. ಊಟದ ಹೊತ್ತು ಮೀರಿದ ಮೇಲೆ ಪಟ್ಟಿಯಲ್ಲಿ ಎ-ತ್ರೀ ಬಂತು. ಹೊಂದಿಸುವುದನ್ನು ಬಿಟ್ಟು ನೂರಕ್ಕೆ ನೂರು ಅಂತ ಒತ್ತಿದರು. ಮೊದಲ ಪ್ರಿಂಟು ಭರ್ಜರಿಯಾಗಿ ಬಂತು, ಆದರೆ ನೆಟ್ಟಗೆ ಬಂತು. ಹೊಸ ಡ್ರೈವರಿನಲ್ಲಿ ತಿರುಗಿಸುವ ಗುಂಡಿಯೇ ಇರಲಿಲ್ಲ.

"ಒಂದು ಕೊಟ್ಟು ಒಂದು ಕಿತ್ಕೊಳ್ಳುತ್ತೆ," ಎಂದಳು ಅಕ್ಕ. "ಥೇಟ್ ನಿಮ್ಮ ತಂಗಿ."

"ತಿರುಗಿಸೋದು ಪ್ರಿಂಟರಿನ ಕೆಲಸವೇ ಅಲ್ಲ, ಫೈಲನ್ನೇ ತಿರುಗಿಸ್ತೀನಿ," ಎಂದು ಮೇಷ್ಟ್ರು ಚಿತ್ರ ಬರೆಯುವ ತಂತ್ರಾಂಶದೊಳಗೆ ಇಳಿದರು. ಅಷ್ಟರಲ್ಲಿ, ನೆಟ್ಟಗೆ ಬಂದ ಪ್ರಿಂಟನ್ನು ಓದಿಕೊಂಡು ಕುರ್ಚಿಯೇರಿದ ತಮ್ಮ ಕಣ್ಣುಮುಚ್ಚಿ ಶುರುಮಾಡಿದ: "ರ, ಗ, ಠ, ಲ, ಠ..."

"ನಿಲ್ಲಿಸು. ಬಾಯಿಪಾಠ ಆಗಿದೆ ಇವನಿಗೆ. ರೀ, ತಿರುಗಿಸೋದರ ಜೊತೆ ಅಕ್ಷರಗಳನ್ನೂ ಕಲೆಸಿ."

"ಅಕ್ಕಾ! ಗಂಟೆ ಮೂರೂವರೆ!"

"ಐದರ ತನಕ ಟೈಮಿದೆ. ನಿನ್ನ ಕಣ್ಣಿಗೆ ಸೈನ್ ಹಾಕ್ತೀನಿ, ನಿನ್ನ ನೆನಪಿಗಲ್ಲ."

ಮೂರು ಐವತ್ತಕ್ಕೆ ಹೊಸ ಚಾರ್ಟು ಗೋಡೆಗೇರಿತು. ಸ್ಕೇಲು ಹಿಡಿದವರು ಈ ಸಲ ಮೇಷ್ಟ್ರು. ಎಂಬತ್ತೆಂಟು. ಮತ್ತೊಮ್ಮೆ ಅಳೆದರು.

ಅಕ್ಕ ತಮ್ಮನ ಎಡಗಣ್ಣು ಮುಚ್ಚಿದಳು. ಅವನು ಮೇಲಿನಿಂದ ಇಳಿಯುತ್ತ ಬಂದ, ತಿರುವಿನಲ್ಲಿ ಬಸ್ಸು ನಡೆಸುವವನಂತೆ, ಅವಸರವಿಲ್ಲದೆ. ಆರಕ್ಕಾರರ ಸಾಲಿನಲ್ಲಿ ಒಂದು ಅಕ್ಷರದ ಮುಂದೆ ನಿಂತ.

"ಠ," ಎಂದ. "ಚುಕ್ಕೆ ಇದೆ."

ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲೂ ಓದಿಸಿದಳು. ಆಮೇಲೆ ಮೇಜಿಗೆ ಹೋಗಿ ಸಹಿ ಹಾಕಿ, ಮೊಹರು ಒತ್ತಿ, ಶಾಯಿ ಆರಲೆಂದು ಬಾಯಿಂದ ಊದಿದಳು. ಇಷ್ಟು ಹೊತ್ತು ಬಿಡದೆ ಹಿಡಿದಿದ್ದ ಉಸಿರೂ ಅದರಲ್ಲೇ ಹೋಯಿತು.

"ಮೂರು ವಾರ ಬಂದವರನ್ನೆಲ್ಲ ವಾಪಸ್ ಕರೀಬೇಕು," ಎಂದಳು ಗಂಡನಿಗೆ. "ಮೊದಲು ಅಂಚೆಯಣ್ಣ. ಫೋನು ನೀವೇ ಮಾಡಿ. 'ಹೂಂ' ಅಂದವರು ನೀವು ತಾನೇ."

"ಲಿನಕ್ಸ್ ಹೆಸರು ಎತ್ತಬೇಡ, ಅಷ್ಟೇ," ಎಂದರು ಮೇಷ್ಟ್ರು.

ತಮ್ಮ ಪತ್ರವನ್ನು ಎತ್ತಿಕೊಂಡು, ಹೆಸರು ಸರಿಯಾಗಿದೆಯೇ ನೋಡಲು ಮುಖದ ಮುಂದೆ ಹಿಡಿದ. ಸ್ವಲ್ಪ ದೂರ ಸರಿಸಿದ. ಇನ್ನೂ ಸ್ವಲ್ಪ. ತೋಳು ಪೂರ್ತಿ ಚಾಚಿಯಾದ ಮೇಲೆ ಕತ್ತನ್ನೂ ಹಿಂದಕ್ಕೆಳೆದ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ದೂರದ್ದು ಡಿಪೋಗೆ ಸಾಕು," ಎಂದಳು ಅಕ್ಕ, ಓದುವ ಕನ್ನಡಕಗಳ ಡ್ರಾಯರ್ ಎಳೆಯುತ್ತ. "ಹತ್ತಿರದ್ದು ನಿನ್ನ ವಯಸ್ಸಿಗೆ ಎಲ್ಲರಿಗೂ ಕೈಕೊಡುತ್ತೆ. ಬಾ ಇಲ್ಲಿ, ಮೂಗು ಕೊಡು."

"ಬಸ್ಸು ಓಡಿಸೋವಾಗ ಹಾಕಲ್ಲ."

"ಟೀ ಕುಡಿಯೋವಾಗ ಪೇಪರ್ ಓದಕ್ಕೆ ಹಾಕೋ, ಕೋಣ," ಎಂದು ಚೌಕಟ್ಟನ್ನು ಅವನ ಕಿವಿಗೇರಿಸಿ, ಚಿಕ್ಕಂದಿನಲ್ಲಿ ತಲೆ ಬಾಚಿ ದೂರ ನಿಂತು ನೋಡುತ್ತಿದ್ದಂತೆ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು.