ಚಾಕುವಿನ ಬೆನ್ನಿನ ಮೊನೆ

ಕುಳಿತು ಸಿಟ್ಟಾಗುವುದು ನನ್ನ ದೊಡ್ಡಪ್ಪನಿಗೆ ತಿಳಿಯದು. ಅನ್ಯಾಯವೊಂದು ಕಿವಿಗೆ ಬಿದ್ದೊಡನೆ ಎದ್ದು ನಿಲ್ಲುತ್ತಾರೆ, ಕೋಟಿನ ಬಲಜೇಬಿಗೆ ಕೈಹಾಕುತ್ತಾರೆ, ಮಾತು ಆಮೇಲೆ. ಆ ಜೇಬು ಅನೇಕ ವರ್ಷಗಳ ಭಾರದಿಂದ ಜೋತುಬಿದ್ದು, ನಡೆಯುವಾಗ ಇಡೀ ದೇಹವೇ ಬಲಕ್ಕೆ ವಾಲಿದಂತೆ ಕಾಣುತ್ತದೆ. ರೇಖಾಗಣಿತ ಕಲಿಸುವ ಮೇಷ್ಟರಿಗೇ ಲಂಬವಾಗಿ ನಿಲ್ಲಲು ಬಾರದೆಂದು ಅವರ ಶಿಷ್ಯರು ನಗುತ್ತಿದ್ದುದುಂಟು. ಜೇಬಿನೊಳಗಿರುವುದು ಕೊಂಬಿನ ಹಿಡಿಯ, ಮಡಿಸುವ ಚಾಕು. ಅದರ ಅಲಗನ್ನು ಅವರು ಬಳಸಿದ್ದು ಕಡಿಮೆ. ಅವರ ಪ್ರೀತಿಯೆಲ್ಲ ಹಿಡಿಯ ಬೆನ್ನಿನಲ್ಲಿ ಮಡಚಿ ಮಲಗಿರುವ, ಕಿರುಬೆರಳಿಗಿಂತ ಗಿಡ್ಡನೆಯ, ತೂತು ಕೊರೆಯುವ ಮೊನೆಯ ಮೇಲೆ. ಅದನ್ನವರು ದಬ್ಬಣ ಎನ್ನುತ್ತಾರೆ.

ಆ ದಬ್ಬಣದಿಂದ ಗ್ಯಾಸ್ ಒಲೆಯ ಕಟ್ಟಿಕೊಂಡ ಕಣ್ಣುಗಳು ತೆರೆದಿವೆ, ಹಗ್ಗದ ಹಟಮಾರಿ ಗಂಟುಗಳು ಸಡಿಲಿವೆ, ಸ್ಕ್ರೂ ಇಳಿಯುವ ಮುನ್ನ ಮರದಲ್ಲಿ ಅದಕ್ಕೊಂದು ದಾರಿಯಾಗಿದೆ, ಕಿತ್ತುಹೋದ ಕೈಚೀಲದ ಹಿಡಿಕೆಗೆ ಮತ್ತೆ ದಾರ ಕೂಡಿದೆ. ಹಾಗೆಂದು ಎಲ್ಲವೂ ಜಯವಲ್ಲ. ಮಳೆಯಂಗಿಯ ಜೇಬಿನಲ್ಲಿ ನೀರು ನಿಲ್ಲಬಾರದೆಂದು ತೂತು ಕೊರೆದು, ದಿನೇದಿನೇ ಹಿಗ್ಗಿದ ಆ ತೂತಿನಿಂದಲೇ ಬೀಗದಕೈ ಕಳೆದು, ಮನೆಮಂದಿಯನ್ನೆಲ್ಲ ಬಾಗಿಲ ಹೊರಗೆ ನಿಲ್ಲಿಸಿದ ಮಹನೀಯರೂ ಅವರೇ. "ನಾನು ಸುಮ್ನೆ ಕೂತಿದ್ರೆ ನನಗೂ ಒಂದು ತೂತು ಹಾಕ್ತಾರೆ" ಎಂದು ದೊಡ್ಡಮ್ಮ ನೆಂಟರೆದುರು ಹೇಳುತ್ತಿದ್ದರು.

ಪಾರ್ಶ್ವವಾಯು ಬಡಿದ ಮೇಲೆ ದೊಡ್ಡಮ್ಮನ ಎಡಗಾಲಿಗೆ ಲೋಹದ ಕಡ್ಡಿಗಳ ಆಸರೆ ಬಂತು, ಅದನ್ನು ಬಿಗಿಯಲು ಚರ್ಮದ ಪಟ್ಟಿ. ಕಾಯಿಲೆಯಲ್ಲಿ ಕಾಲು ಎಷ್ಟು ಸೊರಗಿತೆಂದರೆ ಪಟ್ಟಿಯ ಕೊನೆಯ ತೂತಿಗೆ ಬಿಗಿದರೂ ಆಸರೆ ಜಾರುತ್ತಿತ್ತು. ಅವರ ಆಸೆ ದೊಡ್ಡದೇನಲ್ಲ: ಯಾರ ಭುಜವನ್ನೂ ಹಿಡಿಯದೆ ಬಚ್ಚಲಿಗೆ ಹೋಗಿಬರಬೇಕು. ದೊಡ್ಡಪ್ಪನ ಜೊತೆ ಗಾಲಿಕುರ್ಚಿ ತಳ್ಳಿಕೊಂಡು ನಾನೂ ಆಸ್ಪತ್ರೆಗೆ ಹೋದೆ. ಆಸರೆ ಕೊಟ್ಟ ವಿಭಾಗದ ತರುಣ ಪಟ್ಟಿಯನ್ನು ಮುಟ್ಟಿಯೂ ನೋಡಲಿಲ್ಲ.

"ಹೊಸದು ತರಿಸಬೇಕು ಸಾರ್. ಬರೋ ತಿಂಗಳು ಬರಬಹುದು."

"ಇದಕ್ಕೇ ಇನ್ನೊಂದು ತೂತು ಹಾಕಿ."

"ಹಂಗೆಲ್ಲ ಹಾಕೋ ಹಾಗಿಲ್ಲ. ಕಂಪನಿಯಿಂದ ಎಷ್ಟು ಬಂದಿದೆಯೋ ಅಷ್ಟೇ."

ದೊಡ್ಡಪ್ಪ ಎದ್ದರು. "ಕಾಲು ಕಂಪನಿದಾ, ನನ್ನ ಹೆಂಡತೀದಾ?"

ಕೈ ಜೇಬಿಗೆ ಹೋಯಿತು, ಜೇಬು ಖಾಲಿ. ಚಾಕುವನ್ನು ನಾವು ಒಳಗೆ ಬರುವಾಗಲೇ ಗೇಟಿನ ಕಾವಲುಗಾರ ಪ್ಲಾಸ್ಟಿಕ್ ಬುಟ್ಟಿಯಲ್ಲಿ ತೆಗೆದಿರಿಸಿಕೊಂಡಿದ್ದ. ಧುಮುಗುಡುತ್ತ ಅವನ ಬಳಿಗೆ ಹೋದರು.

"ಒಳಗೆ ಬಿಡಲ್ಲ ಯಜಮಾನ್ರೇ, ರೂಲ್ಸು."

"ಸರಿನಪ್ಪ. ಚಾಕು ಒಳಗೆ ಬರೋದು ಬೇಡ, ಕಾಲೇ ಹೊರಗೆ ಬರುತ್ತೆ."

ಗಾಲಿಕುರ್ಚಿ ಗೇಟಿಗೆ ಬಂತು. ಅಳತೆ ನೋಡಿ ಪೆನ್ನಿನಿಂದ ಚುಕ್ಕೆಯಿಟ್ಟು, ಪಟ್ಟಿ ಬಿಚ್ಚಿ ಕಾವಲುಗಾರನ ಮೇಜಿನ ಮೇಲೆ ಹರಡಿದರು.

"ನೋಡ್ಕೊಂಡು ಹಾಕಿ ರೀ, ಇದು ಮಳೆಯಂಗಿ ಅಲ್ಲ" ಎಂದರು ದೊಡ್ಡಮ್ಮ.

"ಬಾಯ್ ಮುಚ್ಕೊಂಡು ಕೂತ್ಕೊಳೇ, ಕೈ ತಪ್ಪುತ್ತೆ."

"ಬೇಗ ಮುಗಿಸಿ, ಸಾಹೇಬ್ರು ಬರ್ತಾರೆ" ಎನ್ನುತ್ತ ಕಾವಲುಗಾರ ಪಟ್ಟಿಯ ಇನ್ನೊಂದು ತುದಿಯನ್ನು ತಾನೇ ಎಳೆದು ಹಿಡಿದ. ದಬ್ಬಣ ಮೆಲ್ಲನೆ ತಿರುಗಿ ಚರ್ಮವನ್ನು ದಾಟಿತು. ತೂತು ತುಸು ಓರೆಯಾಯಿತು. ಆಸರೆ ಮಾತ್ರ ಕಚ್ಚಿ ನಿಂತಿತು. ದೊಡ್ಡಮ್ಮ ಎದ್ದಾಗ ನಾನು ಭುಜವೊಡ್ಡಿದೆ. "ನೀನು ಆಚೆ ಹೋಗೋ" ಎಂದು ನನ್ನನ್ನು ಸರಿಸಿ, ಗೇಟಿನ ಕಂಬದವರೆಗೆ ನಡೆದು, ತಿರುಗಿ ಬಂದರು. ದೊಡ್ಡಪ್ಪ ಅತ್ತ ನೋಡದೆ ಆ ತರುಣನನ್ನು ಬೈಯುತ್ತಲೇ ಇದ್ದರು.

ಇಂಥವರ ಕೋಪವನ್ನು ವಯಸ್ಸಿನ ದೋಷವೆಂದು ತಳ್ಳಿಹಾಕಿ ನಾವು ನೆಮ್ಮದಿಯಿಂದಿರುತ್ತೇವೆ. ನೊಂದ ಜೀವ ಎದುರಿಗೇ ಕುಳಿತಿದ್ದರೂ "ಹಾಗೆಲ್ಲ ಮಾಡುವಂತಿಲ್ಲ" ಎಂದು ಪರಮ ವಿನಯದಿಂದ ಹೇಳುವುದನ್ನು ವಿದ್ಯೆಯಂತೆ ಕಲಿತವರು ನಾವು. ಆ ವಿನಯದೊಳಗಿನ ಕ್ರೌರ್ಯವನ್ನು ಸಹಿಸಲಾರದ ಕೆಲವರು ಇನ್ನೂ ಉಳಿದಿದ್ದಾರೆ: ಒರಟರು, ಬೇಡದ ಕಡೆಯಲ್ಲೂ ತೂತು ಕೊರೆಯುವವರು, ಜೊತೆಯಲ್ಲಿ ಬಾಳಲು ಕಷ್ಟವಾದವರು. ಆದರೆ ಅವರ ಸಿಟ್ಟು ಇಳಿಯುವಷ್ಟರಲ್ಲಿ ಯಾರೋ ಒಬ್ಬರ ಕಷ್ಟವೊಂದು ನೀಗಿರುತ್ತದೆ. ನಮ್ಮ ಸೌಜನ್ಯದ ಬಗ್ಗೆ ಅಷ್ಟು ಹೇಳುವ ಧೈರ್ಯ ನನಗಿಲ್ಲ.